ಟ್ಯೂಬ್ ಲೈಟಿನ ಬಿಳಿ ಪುಡಿ

ಉರಿದು ಮುಗಿದ ಟ್ಯೂಬ್ ಲೈಟೊಂದು ಕೈತಪ್ಪಿ ಬಿದ್ದು ಒಡೆದದ್ದನ್ನು ನೀವು ನೋಡಿರಬಹುದು. ಪಟಾಕಿ ಸಿಡಿದಂಥ ಸದ್ದು. ಬಳಿಕ ಸುತ್ತಲೂ ಹರಡಿದ ತೆಳು ಗಾಜಿನ ಚೂರುಗಳು. ಒಂದೊಂದು ಚೂರಿನ ಒಳಮೈಗೂ ಸುಣ್ಣ ಬಳಿದಂತೆ ಬಿಳಿಯ ಪುಡಿ ಅಂಟಿಕೊಂಡಿರುತ್ತದೆ. ಅದನ್ನು ಬೆರಳಿನಿಂದ ಮುಟ್ಟಲು ಹೋಗಬೇಡಿ. ಕಾರಣವನ್ನು ಮುಂದೆ ತಿಳಿಯೋಣ. ಸದ್ಯಕ್ಕೆ ಒಂದು ಪ್ರಶ್ನೆ: ಈ ಪುಡಿ ಅಲ್ಲೇಕಿದೆ? ಬೆಳಕು ಕಣ್ಣಿಗೆ ಚುಚ್ಚದಿರಲೆಂದು ಗಾಜಿಗೆ ಬಳಿದ ಬಣ್ಣ ಇದು ಎಂದು ಹಲವರು ತಿಳಿದಿದ್ದಾರೆ. ವಾಸ್ತವದಲ್ಲಿ ನಾವು ಟ್ಯೂಬ್ ಲೈಟಿನ ಬೆಳಕೆಂದು ಕರೆಯುವುದೆಲ್ಲ ಹೆಚ್ಚುಕಡಿಮೆ ಈ ಪುಡಿಯಿಂದಲೇ ಹೊರಡುತ್ತದೆ.

ಕೊಳವೆಯೊಳಗೆ ಯಾವ ಪುಡಿ ಬಳಿಯಬೇಕು ಎಂಬ ಪ್ರಶ್ನೆಗೆ ತಕ್ಕ ಉತ್ತರ ಸಿಗಲು ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಆ ಹುಡುಕಾಟದಲ್ಲಿ ಕೆಲವರು ಆರೋಗ್ಯ ಕಳೆದುಕೊಂಡರು, ಕೆಲವರು ಪ್ರಾಣವನ್ನೇ ಕಳೆದುಕೊಂಡರು. ಅದೇ ಕತೆಯ ಒಂದು ಎಳೆ ನಮ್ಮ ಉಳ್ಳಾಲದ ಮರಳಿನ ತನಕವೂ ಬಂದು ಮುಟ್ಟುತ್ತದೆ.

ಈ ಪುಡಿಗೆ ವಿಜ್ಞಾನದಲ್ಲಿ ಫಾಸ್ಫರ್ ಎಂದು ಹೆಸರು. ಹೆಸರು ಕೇಳಿ ಇದು ರಂಜಕವಿರಬೇಕೆಂದು ಭಾವಿಸಬೇಡಿ. ಬೆಳಕನ್ನು ಹೊರುವುದು ಎಂಬ ಅರ್ಥದ ಗ್ರೀಕ್ ಮಾತಿನಿಂದ ಎರಡೂ ಹೆಸರುಗಳು ಬಂದಿವೆ, ಅಷ್ಟೇ. ಒಂದು ಬಗೆಯ ಶಕ್ತಿಯನ್ನು ಹೀರಿಕೊಂಡು ಅದನ್ನು ಕಣ್ಣಿಗೆ ಕಾಣುವ ಬೆಳಕಾಗಿ ಹೊರಗೆ ಬಿಡುವ ಘನವಸ್ತು ಯಾವುದೇ ಇರಲಿ, ಅದು ಫಾಸ್ಫರ್.

ಇನ್ನು ಟ್ಯೂಬ್ ಲೈಟಿನ ಒಳಗೆ ಏನು ನಡೆಯುತ್ತದೆಂದು ನೋಡೋಣ. ಕೊಳವೆಯಲ್ಲಿ ಆರ್ಗಾನ್‌ನಂಥ ಅನಿಲ ಬಹಳ ಕಡಿಮೆ ಒತ್ತಡದಲ್ಲಿರುತ್ತದೆ. ಜೊತೆಗೆ ಒಂದಿಷ್ಟು ಪಾದರಸ. ಸ್ವಿಚ್ ಹಾಕಿದಾಗ ಸ್ಟಾರ್ಟರ್ ಮಿಣಮಿಣ ಎನ್ನುತ್ತದೆ, ಎರಡು ತುದಿಗಳ ತಂತಿಗಳು ಕಾಯುತ್ತವೆ, ಚೋಕ್ ಒಂದು ಕ್ಷಣ ಹೆಚ್ಚಿನ ವೋಲ್ಟೇಜ್ ಕೊಟ್ಟು ವಿದ್ಯುತ್ತನ್ನು ಅನಿಲದ ಮೂಲಕ ಹಾಯಿಸುತ್ತದೆ. ತಡವಾಗಿ ಅರ್ಥ ಮಾಡಿಕೊಳ್ಳುವ ಗೆಳೆಯನನ್ನು ನಾವು ‘ಟ್ಯೂಬ್ ಲೈಟ್’ ಎಂದು ಗೇಲಿ ಮಾಡುವುದಕ್ಕೆ ಈ ಸ್ಟಾರ್ಟರೇ ಕಾರಣ. ಪುಡಿಯ ತಪ್ಪೇನೂ ಇಲ್ಲ. ಎಲೆಕ್ಟ್ರಾನುಗಳು ಪಾದರಸದ ಪರಮಾಣುಗಳಿಗೆ ಬಡಿದಾಗ ಅವು ಶಕ್ತಿ ಪಡೆದು, ಮರುಕ್ಷಣವೇ ಆ ಶಕ್ತಿಯನ್ನು ಕಿರಣವಾಗಿ ಬಿಡುತ್ತವೆ. ಆದರೆ ಈ ಕಿರಣದ ಬಹುಪಾಲು 254 ನ್ಯಾನೋಮೀಟರ್ ತರಂಗದೂರದ ನೇರಳಾತೀತ ಕಿರಣ. ನಮ್ಮ ಕಣ್ಣಿಗೆ ಕಾಣುವುದು ಸುಮಾರು 400ರಿಂದ 700 ನ್ಯಾನೋಮೀಟರ್‌ವರೆಗೆ ಮಾತ್ರ. ಎಂದರೆ ಪಾದರಸ ಕೊಡುವ ಕಿರಣದ ಮುಖ್ಯಭಾಗ ನಮ್ಮ ಪಾಲಿಗೆ ಕತ್ತಲೆಯೇ. ಸಾಲದ್ದಕ್ಕೆ ಅದು ಕಣ್ಣಿಗೂ ಚರ್ಮಕ್ಕೂ ಹಾನಿ ಮಾಡುವಂಥದು.

ಇಲ್ಲಿಯೇ ಪುಡಿಯ ಕೆಲಸ. ಪುಡಿಯ ಕಣಗಳು ನೇರಳಾತೀತ ಕಿರಣವನ್ನು ಹೀರಿಕೊಂಡು, ಸ್ವಲ್ಪ ಶಕ್ತಿಯನ್ನು ಶಾಖವಾಗಿ ಕಳೆದು, ಉಳಿದುದನ್ನು ಕಾಣುವ ಬೆಳಕಾಗಿ ಬಿಡುತ್ತವೆ. ಈ ವಿದ್ಯಮಾನಕ್ಕೆ ಪ್ರತಿದೀಪ್ತಿ ಎಂದು ಹೆಸರು. ಸ್ವಲ್ಪ ಶಕ್ತಿ ಎಂದೆ. ಲೆಕ್ಕ ಹಾಕಿದರೆ ಅದೇನೂ ಸ್ವಲ್ಪವಲ್ಲ. 254 ನ್ಯಾನೋಮೀಟರಿನ ಒಂದು ಫೋಟಾನಿನ ಶಕ್ತಿ ಸುಮಾರು 4.9 ಎಲೆಕ್ಟ್ರಾನ್ ವೋಲ್ಟ್. ಹಸಿರು ಬೆಳಕಿನ ಫೋಟಾನಿನದು ಸುಮಾರು 2.25. ಅರ್ಧಕ್ಕಿಂತ ಹೆಚ್ಚು ಪುಡಿಯಲ್ಲೇ ಶಾಖವಾಗಿ ಹೋಯಿತು. ಹೀಗಿದ್ದರೂ ಟಂಗ್‌ಸ್ಟನ್ ತಂತಿಯನ್ನು ಕೆಂಪಗೆ ಬಿಳುಪಗೆ ಕಾಯಿಸಿ ಬೆಳಕು ಪಡೆಯುವ ಹಳೆಯ ಬಲ್ಬಿಗಿಂತ ಟ್ಯೂಬ್ ಲೈಟ್ ಅದೇ ವಿದ್ಯುತ್ತಿಗೆ ನಾಲ್ಕೈದು ಪಟ್ಟು ಹೆಚ್ಚು ಬೆಳಕು ಕೊಡುತ್ತದೆ.

ಪ್ರತಿದೀಪ್ತಿಯನ್ನು ನೀವು ಬೇರೆ ಕಡೆಯೂ ಕಂಡಿದ್ದೀರಿ. ಬ್ಯಾಂಕಿನಲ್ಲಿ ನೋಟನ್ನು ನೇರಳೆ ದೀಪದ ಕೆಳಗೆ ಹಿಡಿದಾಗ ಸಣ್ಣ ಎಳೆಗಳೂ ಅಂಕಿಗಳೂ ಹೊಳೆಯುತ್ತವೆ. ಬಟ್ಟೆ ಸೋಪಿನ ಪುಡಿಯಲ್ಲಿ ಇಂಥದೇ ರಾಸಾಯನಿಕವಿರುವುದರಿಂದ ಬಿಸಿಲಿನಲ್ಲಿ ಬಿಳಿ ಅಂಗಿ ಇನ್ನಷ್ಟು ಬಿಳಿ ಕಾಣುತ್ತದೆ. ಜಾರ್ಜ್ ಸ್ಟೋಕ್ಸ್ ಎಂಬ ವಿಜ್ಞಾನಿ 1852ರಲ್ಲಿ ಇದನ್ನು ಮೊದಲಿಗೆ ಚೆನ್ನಾಗಿ ವಿವರಿಸಿದ್ದು ಕ್ವಿನೈನ್ ದ್ರಾವಣ ನೀಲಿಯಾಗಿ ಹೊಳೆಯುವುದನ್ನು ಪರೀಕ್ಷಿಸಿ. ಮಲೇರಿಯಾಕ್ಕೆ ಹೆಸರಾದ ನಮ್ಮ ಮಂಗಳೂರಿಗೆ ಕ್ವಿನೈನ್ ಪರಿಚಯವಿಲ್ಲದ ವಸ್ತುವೇನಲ್ಲ. ಅದು ನೇರಳಾತೀತ ಕಿರಣವನ್ನು ನೀಲಿ ಬೆಳಕಾಗಿಸುತ್ತದೆಂದು ಮಾತ್ರ ಕಹಿ ಔಷಧ ನುಂಗಿದವರಿಗೆ ಗೊತ್ತಿರಲಾರದು.

ಹೊಳೆಯುವ ಕಲ್ಲುಗಳ ಮೇಲಿನ ಕುತೂಹಲ ಇದಕ್ಕೂ ಹಳೆಯದು. ಸುಮಾರು 1603ರಲ್ಲಿ ಇಟಲಿಯ ಬೊಲೋನ್ಯಾ ಊರಿನ ಚಮ್ಮಾರ ಕ್ಯಾಶಿಯರೋಲೋ, ಬೇರೈಟ್ ಎಂಬ ಕಲ್ಲನ್ನು ಇದ್ದಿಲಿನೊಡನೆ ಸುಟ್ಟಾಗ, ಬಿಸಿಲಿಗಿಟ್ಟ ಬಳಿಕ ಕತ್ತಲಲ್ಲಿಯೂ ಹೊಳೆಯುವ ವಸ್ತು ಸಿಕ್ಕಿತು. ಚಿನ್ನ ಮಾಡುವ ಆಸೆಯಿಂದ ಹೊರಟವನಿಗೆ ದೊರೆತದ್ದು ಬೇರಿಯಂ ಸಲ್ಫೈಡ್. ಎರಡೂವರೆ ಶತಮಾನದ ನಂತರ, 1857ರ ಹೊತ್ತಿಗೆ, ಜರ್ಮನಿಯ ಗೈಸ್ಲರ್ ಗಾಜಿನ ಕೊಳವೆಯಿಂದ ಗಾಳಿ ತೆಗೆದು ವಿದ್ಯುತ್ ಹಾಯಿಸುವುದನ್ನು ತೋರಿಸಿದ. ಫ್ರಾನ್ಸಿನ ಎಡ್ಮಂಡ್ ಬೆಕೆರೆಲ್ ಅಂಥ ಕೊಳವೆಗಳೊಳಗೆ ಹೊಳೆಯುವ ವಸ್ತುಗಳನ್ನಿಟ್ಟು ಪ್ರಯೋಗ ಮಾಡಿದ. ಟ್ಯೂಬ್ ಲೈಟಿನ ಮೂಲ ಕಲ್ಪನೆ ಅಲ್ಲಿಯೇ ಇದೆ. ಇದೇ ವಸ್ತುಗಳ ಬೆನ್ನು ಹತ್ತಿದ ಅವನ ಮಗ ಹೆನ್ರಿ ಬೆಕೆರೆಲ್ 1896ರಲ್ಲಿ ಯುರೇನಿಯಂ ಲವಣದಿಂದ ವಿಕಿರಣಶೀಲತೆಯನ್ನು ಕಂಡುಹಿಡಿದದ್ದನ್ನು ನೀವು ಪಠ್ಯದಲ್ಲಿ ಓದಿದ್ದೀರಿ.

ಅದೇ 1896ರಲ್ಲಿ ಥಾಮಸ್ ಎಡಿಸನ್ ಸಾವಿರಾರು ವಸ್ತುಗಳನ್ನು ಪರೀಕ್ಷಿಸಿ, ಕ್ಯಾಲ್ಸಿಯಂ ಟಂಗ್‌ಸ್ಟೇಟ್ ಎಂಬ ಪುಡಿ ಕ್ಷಕಿರಣ ಬಿದ್ದಾಗ ಚೆನ್ನಾಗಿ ಹೊಳೆಯುತ್ತದೆಂದು ಕಂಡ. ಅದನ್ನು ಕೊಳವೆಗೆ ಬಳಿದು ದೀಪ ಮಾಡಲು ಹೊರಟ. ಈ ಕೆಲಸದಲ್ಲಿ ಕೈಜೋಡಿಸಿದವನು ಕ್ಲಾರೆನ್ಸ್ ಡಾಲಿ ಎಂಬ ಸಹಾಯಕ. ಕ್ಷಕಿರಣದಿಂದ ಅವನ ಕೈಗಳು ಹುಣ್ಣಾದವು, ಕ್ಯಾನ್ಸರ್ ಹರಡಿತು, ಕೈಗಳನ್ನೇ ಕತ್ತರಿಸಬೇಕಾಯಿತು. 1904ರಲ್ಲಿ ಅವನು ತೀರಿಕೊಂಡ. ಎಡಿಸನ್ ಆ ದೀಪವನ್ನೂ ಕ್ಷಕಿರಣದ ಪ್ರಯೋಗಗಳನ್ನೂ ಕೈಬಿಟ್ಟ. ಪುಡಿ ಮಾತ್ರ ಆಸ್ಪತ್ರೆಗಳ ಎಕ್ಸ್‌-ರೇ ಪರದೆಗಳಲ್ಲಿ ದಶಕಗಳ ಕಾಲ ಉಳಿಯಿತು.

1901ರ ಹೊತ್ತಿಗೆ ಅಮೆರಿಕದ ಪೀಟರ್ ಕೂಪರ್ ಹೆವಿಟ್ ಪಾದರಸದ ಆವಿಯ ದೀಪ ತಯಾರಿಸಿದ. ಬೆಳಕೇನೋ ಧಾರಾಳ, ಆದರೆ ನೀಲಿ-ಹಸಿರು. ಕೆಂಪು ಎಂಬುದೇ ಇಲ್ಲದ್ದರಿಂದ ಅದರ ಕೆಳಗೆ ಮನುಷ್ಯರ ಮುಖ ಹೆಣದ ಮುಖದಂತೆ ಕಾಣುತ್ತಿತ್ತು. ಮನೆಗೆ ಯಾರು ತರುತ್ತಾರೆ? ಜರ್ಮನಿಯಲ್ಲಿ ಗೆರ್ಮರ್, ಮೇಯರ್, ಸ್ಪಾನರ್ ಎಂಬ ಮೂವರು 1926ರಲ್ಲಿ ಪಾದರಸದ ನೇರಳಾತೀತ ಕಿರಣವನ್ನು ಪುಡಿಯ ಮೂಲಕ ಬೆಳಕಾಗಿಸುವ ದೀಪಕ್ಕೆ ಪೇಟೆಂಟ್ ಅರ್ಜಿ ಹಾಕಿದರು. 1934ರಲ್ಲಿ ಆರ್ಥರ್ ಕಾಂಪ್ಟನ್ (ಪಿಯುಸಿ ಮುಗಿಸಿದವರಿಗೆ ಕಾಂಪ್ಟನ್ ಪರಿಣಾಮ ನೆನಪಿರಬೇಕು) ಇಂಗ್ಲೆಂಡಿನಲ್ಲಿ ಅಂಥ ದೀಪವೊಂದನ್ನು ಕಂಡು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪೆನಿಗೆ ಪತ್ರ ಬರೆದರು. ಆ ಕಂಪೆನಿಯಲ್ಲಿ ಜಾರ್ಜ್ ಇನ್ಮನ್ ಅವರ ತಂಡ ಕೆಲಸಕ್ಕೆ ತೊಡಗಿತು. 1938ರಲ್ಲಿ ಟ್ಯೂಬ್ ಲೈಟ್ ಅಂಗಡಿಗೆ ಬಂತು. ಮರುವರ್ಷ ನ್ಯೂಯಾರ್ಕಿನ ವಿಶ್ವ ಮೇಳದಲ್ಲಿ ಬಣ್ಣಬಣ್ಣದ ಕೊಳವೆಗಳು ಉರಿದವು.

ಆಗ ಬಳಸುತ್ತಿದ್ದ ಪುಡಿ ಒಂದಲ್ಲ, ಹಲವು. ಸತುವಿನ ಸಿಲಿಕೇಟಿನಿಂದ ಹಸಿರು, ಟಂಗ್‌ಸ್ಟೇಟುಗಳಿಂದ ನೀಲಿ, ಕ್ಯಾಡ್ಮಿಯಂ ಬೋರೇಟಿನಿಂದ ನಸುಗೆಂಪು. ಇವುಗಳನ್ನು ಬೆರೆಸಿ ಬಿಳಿ ಮಾಡುವುದು ತಾಪತ್ರಯದ ಕೆಲಸ. ಅಷ್ಟರಲ್ಲಿ ಸತುವಿನ ಸಿಲಿಕೇಟಿಗೆ ಬೆರಿಲಿಯಂ ಸೇರಿಸಿದರೆ ಹಳದಿಯಿಂದ ಕಿತ್ತಳೆಯವರೆಗಿನ ಬೆಳಕು ಸುಲಭವಾಗಿ ಸಿಗುತ್ತದೆಂದು ತಿಳಿಯಿತು. ಎರಡನೆಯ ಮಹಾಯುದ್ಧದ ಕಾಲ. ಅಮೆರಿಕದ ಕಾರ್ಖಾನೆಗಳು ಹಗಲೂ ರಾತ್ರಿ ನಡೆಯುತ್ತಿದ್ದವು, ಬೆಳಕಿಗೆ ಬೇಡಿಕೆಯೋ ಬೇಡಿಕೆ. ಬೆರಿಲಿಯಂ ಬೆರೆತ ಪುಡಿ ಲಕ್ಷಾಂತರ ಕೊಳವೆಗಳೊಳಗೆ ಹೋಯಿತು.

ಮ್ಯಾಸಚೂಸೆಟ್ಸ್ ರಾಜ್ಯದ ಸೇಲಂ ಊರಿನಲ್ಲಿ ಟ್ಯೂಬ್ ಲೈಟ್ ಕಾರ್ಖಾನೆಯೊಂದಿತ್ತು. ಕೆಲಸದವರಲ್ಲಿ ಎಳೆ ವಯಸ್ಸಿನ ಹೆಣ್ಣುಮಕ್ಕಳು ಅನೇಕರು. ಅವರಲ್ಲಿ ಕೆಲವರಿಗೆ ಉಸಿರಾಟ ಕಷ್ಟವಾಗತೊಡಗಿತು. ಒಣ ಕೆಮ್ಮು, ದಿನದಿನಕ್ಕೆ ಇಳಿಯುವ ತೂಕ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ವೈದ್ಯರು ಮೊದಲು ಕ್ಷಯವೆಂದರು. ಕ್ಷಯದ ರೋಗಾಣು ಕಫದಲ್ಲಿ ಸಿಗಲಿಲ್ಲ. ಬೇರೊಂದು ಶ್ವಾಸಕೋಶದ ಕಾಯಿಲೆಯ ಹೆಸರು ಹೇಳಿ, ಅದಕ್ಕೆ ಊರಿನ ಹೆಸರನ್ನೇ ಜೋಡಿಸಿದರು. ರಾಜ್ಯದ ಕಾರ್ಮಿಕ ಆರೋಗ್ಯ ವಿಭಾಗದ ವೈದ್ಯೆ ಹ್ಯಾರಿಯಟ್ ಹಾರ್ಡಿ ಬೇರೆ ದಾರಿ ಹಿಡಿದರು. ರೋಗಿಗಳ ಎದೆಯ ಚಿತ್ರಗಳನ್ನು ನೋಡುವುದರ ಜೊತೆಗೆ, ಅವರು ಏನು ಕೆಲಸ ಮಾಡುತ್ತಿದ್ದರು, ಯಾವ ಪುಡಿಯನ್ನು ಮುಟ್ಟುತ್ತಿದ್ದರು, ಯಾವಾಗ ಕೆಲಸ ಬಿಟ್ಟರು ಎಂದು ಒಬ್ಬೊಬ್ಬರನ್ನೇ ಕೇಳುತ್ತ ಹೋದರು. ಎಲ್ಲರ ಉತ್ತರಗಳೂ ಆ ಬಿಳಿ ಪುಡಿಗೆ ಬಂದು ನಿಂತವು. ಟೇಬರ್‌ಶಾ ಎಂಬ ವೈದ್ಯರೊಡನೆ ಅವರು 1946ರಲ್ಲಿ 17 ರೋಗಿಗಳ ವಿವರ ಪ್ರಕಟಿಸಿದರು. ಕೆಲವರಿಗೆ ರೋಗ ಕಾಣಿಸಿಕೊಂಡದ್ದು ಕಾರ್ಖಾನೆ ಬಿಟ್ಟು ಎಷ್ಟೋ ತಿಂಗಳು, ವರ್ಷಗಳಾದ ಮೇಲೆ. ಅಷ್ಟು ಕಾಲದ ಹಿಂದಿನ ಕೆಲಸಕ್ಕೂ ಇಂದಿನ ಕೆಮ್ಮಿಗೂ ಸಂಬಂಧವಿದೆಯೆಂದು ಯಾರಿಗೆ ತೋಚೀತು?

ಇಲ್ಲಿ ಒಂದು ಸಂಗತಿಯನ್ನು ಗಮನಿಸಿ. ಬೆರಿಲಿಯಂ ಶ್ವಾಸಕೋಶಕ್ಕೆ ಕೆಡುಕೆಂಬ ವರದಿಗಳು ಯೂರೋಪಿನಲ್ಲಿ 1930ರ ದಶಕದಲ್ಲಿಯೇ ಬಂದಿದ್ದವು. ಆದರೂ ಅಮೆರಿಕದ ಸರಕಾರಿ ಆರೋಗ್ಯ ಸೇವೆಯ 1943ರ ವರದಿಯೊಂದು, ದೋಷ ಬೆರಿಲಿಯಂನದಲ್ಲ, ಅದರ ಜೊತೆಗಿರುವ ಆಮ್ಲದ ಅಂಶದ್ದು ಎಂದಿತ್ತು. ಆ ಮಾತನ್ನು ನಂಬಿ ಪುಡಿ ಅರೆಯುವ, ಜರಡಿ ಹಿಡಿಯುವ, ಬಳಿಯುವ ಕೆಲಸ ಮುಂದುವರಿಯಿತು. ಅಪಾಯ ಕಾರ್ಖಾನೆಯ ಗೋಡೆಯೊಳಗೂ ನಿಲ್ಲಲಿಲ್ಲ. ಒಡೆದ ಕೊಳವೆಯಿಂದ ಕೈ ಕುಯ್ದುಕೊಂಡವರ ಗಾಯಕ್ಕೆ ಪುಡಿ ಸೇರಿದರೆ ಅದು ಮಾಯದೆ ಗಂಟು ಕಟ್ಟುತ್ತಿತ್ತು. ಕೊನೆಗೆ 1949ರಲ್ಲಿ ಅಮೆರಿಕದ ದೀಪ ತಯಾರಕರು ಬೆರಿಲಿಯಂ ಪುಡಿಯನ್ನು ಬಿಟ್ಟರು. ಹಾರ್ಡಿಯವರು 1952ರಲ್ಲಿ ಬೆರಿಲಿಯಂ ರೋಗಿಗಳ ದಾಖಲೆ ಪುಸ್ತಕವೊಂದನ್ನೇ ಆರಂಭಿಸಿ ವರ್ಷಗಟ್ಟಲೆ ಅವರ ಸ್ಥಿತಿಯನ್ನು ಬರೆದಿಟ್ಟರು. ನೀವು ವೈದ್ಯರಾಗುವ ಆಸೆಯುಳ್ಳವರಾದರೆ ಆಕೆಯ ಹೆಸರನ್ನು ನೆನಪಿಡಿ. ದೀಪಗಳ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಅದನ್ನು ಬಿಟ್ಟುಬಿಡುತ್ತಾರೆ.

ಬೆರಿಲಿಯಂ ಬಿಡುವುದು ಸಾಧ್ಯವಾದದ್ದು ಅದಕ್ಕಿಂತ ಒಳ್ಳೆಯ ಪುಡಿ ಅಷ್ಟರಲ್ಲಿ ಸಿಕ್ಕಿದ್ದರಿಂದ. 1942ರಲ್ಲಿ, ಯುದ್ಧದ ನಡುವೆ, ಲಂಡನ್ನಿನ ವೆಂಬ್ಲಿಯಲ್ಲಿದ್ದ ಪ್ರಯೋಗಾಲಯದಲ್ಲಿ ಮೆಕ್ಯಾಗ್ ಮತ್ತು ರ‍್ಯಾನ್ಬಿ ಎಂಬವರು ಕ್ಯಾಲ್ಸಿಯಂ ಹ್ಯಾಲೋಫಾಸ್ಫೇಟ್ ಎಂಬ ಫಾಸ್ಫರನ್ನು ಕಂಡುಹಿಡಿದಿದ್ದರು. ಉದ್ದದ ಹೆಸರಿಗೆ ಹೆದರಬೇಡಿ. ಕನ್ನಡಿಯ ಮುಂದೆ ನಿಂತು ನಕ್ಕರೆ ಅದರ ಹತ್ತಿರದ ನೆಂಟ ನಿಮಗೆ ಕಾಣುತ್ತದೆ. ನಮ್ಮ ಹಲ್ಲು, ಎಲುಬುಗಳ ಗಟ್ಟಿ ಭಾಗ ಯಾವ ಖನಿಜ ಕುಟುಂಬಕ್ಕೆ ಸೇರಿದೆಯೋ ಆ ಅಪಟೈಟ್ ಕುಟುಂಬದ್ದೇ ಈ ಪುಡಿ. ಕ್ಯಾಲ್ಸಿಯಂ, ಫಾಸ್ಫೇಟ್, ಜೊತೆಗೆ ಫ್ಲೋರಿನ್ ಮತ್ತು ಕ್ಲೋರಿನ್. ಇವಿಷ್ಟೇ ಆದರೆ ಹೊಳೆಯುವುದಿಲ್ಲ. ಸಾರಿಗೆ ಉಪ್ಪು ಹಾಕಿದಂತೆ ಆಂಟಿಮನಿ ಮತ್ತು ಮ್ಯಾಂಗನೀಸ್ ಒಂದಿಷ್ಟು ಬೀಳಬೇಕು. ಆಂಟಿಮನಿ ನೇರಳಾತೀತ ಕಿರಣವನ್ನು ಹೀರಿ ನೀಲಿ ಬೆಳಕು ಬಿಡುತ್ತದೆ. ಹೀರಿದ ಶಕ್ತಿಯಲ್ಲಿ ಒಂದು ಪಾಲನ್ನು ಪಕ್ಕದ ಮ್ಯಾಂಗನೀಸಿಗೆ ದಾಟಿಸುತ್ತದೆ. ಮ್ಯಾಂಗನೀಸ್ ಅದನ್ನು ಕಿತ್ತಳೆ ಬೆಳಕಾಗಿಸುತ್ತದೆ. ನೀಲಿ, ಕಿತ್ತಳೆ ಸೇರಿದರೆ ಕಣ್ಣಿಗೆ ಬಿಳಿ. ಮ್ಯಾಂಗನೀಸ್ ಹೆಚ್ಚಿಸಿದರೆ ಬೆಚ್ಚನೆಯ ಬಿಳಿ, ಕಡಿಮೆ ಮಾಡಿದರೆ ನಮ್ಮ ಊರುಗಳಲ್ಲಿ ಹೆಚ್ಚಾಗಿ ಬಳಕೆಯಾದ ತಣ್ಣನೆಯ ಹಗಲು ಬಿಳಿ. ಹಲವು ಪುಡಿಗಳನ್ನು ಬೆರೆಸುವ ಗೋಳು ತಪ್ಪಿತು. ಕಚ್ಚಾವಸ್ತುಗಳು ಅಗ್ಗ, ಬೆರಿಲಿಯಂನಂಥ ವಿಷವಿಲ್ಲ.

ಪುಡಿಯನ್ನು ತಯಾರಿಸುವ ರೀತಿಯೂ ಕುಂಬಾರನ ಆವಿಗೆಯನ್ನು ನೆನಪಿಸುವಂಥದು. ಎಲ್ಲ ವಸ್ತುಗಳನ್ನು ಬೆರೆಸಿ 1100 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚಿನ ಶಾಖದಲ್ಲಿ ಸುಡುತ್ತಾರೆ, ಅರೆಯುತ್ತಾರೆ, ಅಂಟು ದ್ರವದಲ್ಲಿ ಕಲಸಿ ದೋಸೆಹಿಟ್ಟಿನಂತೆ ಮಾಡಿ ನಿಲ್ಲಿಸಿದ ಕೊಳವೆಯೊಳಗೆ ಹರಿಸುತ್ತಾರೆ. ಮತ್ತೆ ಕಾಯಿಸಿ ಅಂಟನ್ನು ಸುಟ್ಟುಹಾಕುತ್ತಾರೆ. ಉಳಿಯುವ ಪದರ ಕೂದಲಿಗಿಂತ ತೆಳು. ತೀರ ತೆಳುವಾದರೆ ನೇರಳಾತೀತ ಕಿರಣ ತಪ್ಪಿಸಿಕೊಂಡು ಗಾಜಿನಲ್ಲಿ ವ್ಯರ್ಥವಾಗುತ್ತದೆ, ದಪ್ಪವಾದರೆ ಪುಡಿಯೇ ತನ್ನ ಬೆಳಕನ್ನು ತಡೆಯುತ್ತದೆ. ಹಳೆಯ ಟ್ಯೂಬಿನ ತುದಿಗಳು ಕಪ್ಪಾಗುವುದಕ್ಕೆ ಮಾತ್ರ ಪುಡಿ ಕಾರಣವಲ್ಲ. ಅದು ತುದಿಯ ತಂತಿಯಿಂದ ಸವೆದು ಹಾರಿದ ಲೋಹದ ಮಸಿ.

ಮುಂದಿನ ಮೂವತ್ತು ನಲವತ್ತು ವರ್ಷ ಜಗತ್ತಿನ ಶಾಲೆ, ಕಚೇರಿ, ಅಂಗಡಿಗಳನ್ನು ಬೆಳಗಿದ್ದು ಈ ಹ್ಯಾಲೋಫಾಸ್ಫೇಟ್ ಪುಡಿ. ನಾಲ್ಕು ಅಡಿ ಉದ್ದದ, 38 ಮಿಲಿಮೀಟರ್ ದಪ್ಪದ, 40 ವಾಟ್‌ನ ಕೊಳವೆ ಎಲ್ಲರಿಗೂ ಪರಿಚಿತವಾಯಿತು. ಬೆಂಗಳೂರಿನ ಮಲ್ಲೇಶ್ವರದಲ್ಲಿ 1936ರಲ್ಲಿ ಆರಂಭವಾಗಿ 2003ರಲ್ಲಿ ಬಾಗಿಲು ಹಾಕಿದ ಮೈಸೂರು ಲ್ಯಾಂಪ್ಸ್ ಕಾರ್ಖಾನೆಯ ಹೆಸರನ್ನು ನಿಮ್ಮ ಹಿರಿಯರು ದೀಪಗಳ ಜೊತೆಯಲ್ಲಿಯೇ ನೆನೆಯುತ್ತಾರೆ.

ಆದರೆ ಈ ಬಿಳಿ ಬೆಳಕಿಗೆ ಒಂದು ಕೊರತೆಯಿತ್ತು. ನೀಲಿಯೂ ಕಿತ್ತಳೆಯೂ ಸೇರಿ ಬಿಳಿ ಎನಿಸಿದರೂ ಅದರಲ್ಲಿ ಗಾಢ ಕೆಂಪು ಬಹಳ ಕಡಿಮೆ. ಕೆಂಪು ವಸ್ತು ಕೆಂಪಾಗಿ ಕಾಣಬೇಕಾದರೆ ಅದರ ಮೇಲೆ ಬೀಳುವ ಬೆಳಕಿನಲ್ಲಿ ಕೆಂಪಿರಬೇಕಷ್ಟೆ. ಮಂಗಳೂರಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಬಂಗುಡೆಯೋ ಅಂಜಲೋ ತಾಜಾ ಹೌದೇ ಎಂದು ತಿಳಿಯಲು ಕಿವಿರು ಎತ್ತಿ ಕೆಂಪು ನೋಡುತ್ತೇವೆ. ಹಳೆಯ ಟ್ಯೂಬ್ ಲೈಟಿನ ಕೆಳಗೆ ಒಳ್ಳೆಯ ಮೀನಿನ ಕಿವಿರೂ ಕಂದಿದಂತೆ ಕಂಡೀತು. ಅದೇ ಮೀನನ್ನು ಬೆಳಿಗ್ಗೆ ದಕ್ಕೆಯ ಬಯಲು ಬೆಳಕಿನಲ್ಲಿ ನೋಡಿದರೆ ಸಂಶಯವೇ ಬರುವುದಿಲ್ಲ. ಹಂಪನಕಟ್ಟೆಯ ಸೀರೆ ಅಂಗಡಿಯಲ್ಲಿ ನಿಮ್ಮ ಅಮ್ಮ, ಅಜ್ಜಿ ಸೀರೆಯನ್ನು ಬಾಗಿಲ ಬಳಿಗೆ ತಂದು ಹಗಲ ಬೆಳಕಿಗೆ ಹಿಡಿದು ನೋಡುತ್ತಿದ್ದರಲ್ಲ, ಅವರಿಗೆ ಬೆಳಕಿನ ರೋಹಿತದ ಹೆಸರು ಗೊತ್ತಿರದಿದ್ದರೂ ವಿಷಯ ಚೆನ್ನಾಗಿಯೇ ಗೊತ್ತಿತ್ತು. ಯಕ್ಷಗಾನ ಬಯಲಾಟದಲ್ಲಿಯೂ ಹಾಗೆಯೇ. ಗ್ಯಾಸ್ ಲೈಟಿನ ಬೆಚ್ಚನೆಯ ಬೆಳಕಿನಲ್ಲಿ ಕೆಂಡದಂತೆ ಕಾಣುತ್ತಿದ್ದ ಬಣ್ಣದ ವೇಷದ ಕೆಂಪು, ಸಾಲಾಗಿ ಕಟ್ಟಿದ ಟ್ಯೂಬ್ ಲೈಟುಗಳ ಕೆಳಗೆ ಕಂದುಬಣ್ಣಕ್ಕೆ ತಿರುಗಿತು. ರಂಗಸ್ಥಳ ಹೆಚ್ಚು ಬೆಳಗಿತು, ವೇಷ ಮಂಕಾಯಿತು. ನನ್ನ ಅಭಿಪ್ರಾಯ ಕೇಳಿದರೆ ಇದು ಲಾಭದ ವ್ಯಾಪಾರವಲ್ಲ.

ಈ ಕೊರತೆಗೆ ಪರಿಹಾರ ಬಂದ ದಾರಿಯಲ್ಲಿ ದೂರದರ್ಶನಕ್ಕೂ ಒಂದು ಪಾತ್ರವಿದೆ. ಹಳೆಯ ಟಿವಿಯ ದಪ್ಪ ಗಾಜಿನ ಪರದೆಯ ಹಿಂದೆಯೂ ಫಾಸ್ಫರ್ ಪುಡಿಯೇ ಇತ್ತು. ಅಲ್ಲಿ ನೇರಳಾತೀತ ಕಿರಣದ ಬದಲು ಎಲೆಕ್ಟ್ರಾನುಗಳೇ ಬಡಿದು ಅದನ್ನು ಬೆಳಗಿಸುತ್ತಿದ್ದವು. ಬಣ್ಣದ ಟಿವಿಗೆ ಒಳ್ಳೆಯ ಕೆಂಪು ಸಿಗದೆ ತಯಾರಕರು ಒದ್ದಾಡುತ್ತಿದ್ದರು. 1964ರಲ್ಲಿ ಯೂರೋಪಿಯಂ ಎಂಬ ಅಪರೂಪದ ಧಾತುವನ್ನು ಇಟ್ರಿಯಂ ಸಂಯುಕ್ತಕ್ಕೆ ಸೇರಿಸಿ ಉಜ್ವಲ ಕೆಂಪನ್ನು ಪಡೆದರು. ನಮ್ಮ ದೇಶದಲ್ಲಿ 1982ರಲ್ಲಿ ಬಣ್ಣದ ಪ್ರಸಾರ ಆರಂಭವಾದಾಗ ಪರದೆಯ ಮೇಲೆ ಕಂಡ ಕೆಂಪು ಯೂರೋಪಿಯಂ ಕೊಟ್ಟ ಕೆಂಪು.

ಟಿವಿ ಮೂರೇ ಬಣ್ಣಗಳಿಂದ ಎಲ್ಲ ಬಣ್ಣ ತೋರಿಸುವುದಾದರೆ ಟ್ಯೂಬ್ ಲೈಟ್ ಏಕೆ ಹಾಗೆ ಮಾಡಬಾರದು? ನಮ್ಮ ಕಣ್ಣು ಹೆಚ್ಚು ಸ್ಪಂದಿಸುವ ಮೂರು ಕಿರಿದಾದ ಪಟ್ಟಿಗಳಲ್ಲಿ, ಎಂದರೆ 450, 545, 610 ನ್ಯಾನೋಮೀಟರುಗಳ ಆಸುಪಾಸಿನಲ್ಲಿ, ಬೆಳಕು ಕೊಟ್ಟರೆ ಸಾಕೆಂದು 1970ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿಯೂ ಹಾಲೆಂಡಿನಲ್ಲಿಯೂ ಲೆಕ್ಕ ಹಾಕಿ ತೋರಿಸಿದರು. 1974ರ ಹೊತ್ತಿಗೆ ಹಾಲೆಂಡಿನಲ್ಲಿ ಅಂಥ ಪುಡಿಗಳು ಸಿದ್ಧವಾದವು. ಕೆಂಪಿಗೆ ಯೂರೋಪಿಯಂ, ಹಸಿರಿಗೆ ಸೀರಿಯಂ ಮತ್ತು ಟರ್ಬಿಯಂ, ನೀಲಿಗೆ ಮತ್ತೆ ಇನ್ನೊಂದು ರೂಪದ ಯೂರೋಪಿಯಂ. ಇವು ದುಬಾರಿ, ಆದರೆ ಗಟ್ಟಿಗ. ಕೊಳವೆ ಸಪುರವಾದಷ್ಟೂ ಪುಡಿಯ ಮೇಲೆ ಕಿರಣದ ಹೊಡೆತ ಹೆಚ್ಚು; ಹ್ಯಾಲೋಫಾಸ್ಫೇಟ್ ಅದನ್ನು ತಾಳದೆ ಬೇಗ ಮಂಕಾಗುತ್ತಿತ್ತು. ಹೊಸ ಪುಡಿ ತಾಳಿತು. ಆದ್ದರಿಂದಲೇ 26 ಮಿಲಿಮೀಟರಿನ 36 ವಾಟ್ ಟ್ಯೂಬು, ಮಡಚಿದ ಕೊಳವೆಯ ಸಿಎಫ್‌ಎಲ್, ಆಮೇಲೆ 16 ಮಿಲಿಮೀಟರಿನ 28 ವಾಟ್ ಟ್ಯೂಬು ಸಾಧ್ಯವಾದವು. ಹಳೆಯ ಕೊಳವೆ ವಾಟ್ ಒಂದಕ್ಕೆ 60-65 ಲ್ಯೂಮೆನ್ ಕೊಡುತ್ತಿದ್ದರೆ ಹೊಸತು 90ರ ಹತ್ತಿರ ಕೊಟ್ಟಿತು. ಕಿವಿರಿನ ಕೆಂಪೂ ಮರಳಿ ಬಂತು.

ಸೀರಿಯಂ, ಯೂರೋಪಿಯಂ, ಟರ್ಬಿಯಂ ಮೊದಲಾದವನ್ನು ವಿರಳ ಭಸ್ಮ ಧಾತುಗಳೆನ್ನುತ್ತಾರೆ. ಅವು ದೊರೆಯುವ ಖನಿಜಗಳಲ್ಲಿ ಒಂದು ಮೊನಜೈಟ್. ನೇತ್ರಾವತಿ ಸೇತುವೆ ದಾಟಿ ಉಳ್ಳಾಲದ ಕಡಲತೀರಕ್ಕೆ ಹೋಗಿ ಅಲ್ಲಿನ ಮರಳನ್ನು ಬೊಗಸೆಯಲ್ಲಿ ತೆಗೆದುಕೊಂಡರೆ ಅದರಲ್ಲಿ ಮೊನಜೈಟಿನ ಕೆಲವು ಕಣಗಳಿರುವ ಸಂಭವವಿದೆ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದ ಭೌತವಿಜ್ಞಾನಿಗಳು 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಉಳ್ಳಾಲವನ್ನು ಹೊಸ ಮೊನಜೈಟ್ ಪ್ರದೇಶವೆಂದು ಗುರುತಿಸಿದರು. ಮೊನಜೈಟಿನಲ್ಲಿ ಥೋರಿಯಂ ಇರುವುದರಿಂದ ಅಲ್ಲಿ ನೈಸರ್ಗಿಕ ವಿಕಿರಣ ಸುತ್ತಲಿನ ಜಾಗಗಳಿಗಿಂತ ಹೆಚ್ಚಿರುವುದು ಅವರ ಅಳತೆಯಲ್ಲಿ ಕಂಡಿತು.

ಇದೇ ಕಡಲತೀರದ ಉದ್ದಕ್ಕೆ ತೆಂಕಣಕ್ಕೆ ಹೋದರೆ ಕೇರಳದ ಚವರ, ತಮಿಳುನಾಡಿನ ಮಣವಾಳಕುರಿಚಿಗಳಲ್ಲಿ ಮೊನಜೈಟ್ ಹೇರಳ. 1909ರಲ್ಲಿ ಶಾಂಬರ್ಗ್ ಎಂಬ ಜರ್ಮನ್ ರಸಾಯನವಿಜ್ಞಾನಿ ತಿರುವಾಂಕೂರಿನಿಂದ ಹೋದ ತೆಂಗಿನ ನಾರಿಗೆ ಅಂಟಿದ್ದ ಮರಳಿನಲ್ಲಿ ಅದನ್ನು ಗುರುತಿಸಿದ. ಆಗ ಅದು ಬೇಕಾಗಿದ್ದುದು ಯಾವುದಕ್ಕೆ ಗೊತ್ತೇ? ಗ್ಯಾಸ್ ಲೈಟಿನ ಮ್ಯಾಂಟಲಿಗೆ. ಆಸ್ಟ್ರಿಯಾದ ಔವರ್ ಫಾನ್ ವೆಲ್ಸ್‌ಬಾಖ್ 1891ರಲ್ಲಿ ಕಂಡುಕೊಂಡಂತೆ ಮ್ಯಾಂಟಲಿನಲ್ಲಿ 99 ಪಾಲು ಥೋರಿಯಂ ಆಕ್ಸೈಡ್, 1 ಪಾಲು ಸೀರಿಯಂ ಆಕ್ಸೈಡ್ ಇರಬೇಕು. ಎರಡೂ ಮೊನಜೈಟಿನಲ್ಲಿವೆ. ಬಯಲಾಟವನ್ನು ಬೆಳಗಿದ ಗ್ಯಾಸ್ ಲೈಟೂ, ಅದನ್ನು ಹಿಂದಕ್ಕೆ ಸರಿಸಿದ ಟ್ಯೂಬ್ ಲೈಟಿನ ಹೊಸ ಪುಡಿಯೂ ಒಂದೇ ಬಗೆಯ ಮರಳಿನ ಧಾತುಗಳಿಗೆ ಕೈಚಾಚಿದವು. ಆದರೆ ಒಂದು ಮಾತು: ನಮ್ಮ ಮೊನಜೈಟಿನಲ್ಲಿ ಸೀರಿಯಂ ಧಾರಾಳ, ಯೂರೋಪಿಯಂ ಮತ್ತು ಟರ್ಬಿಯಂ ಬಹಳ ಕಡಿಮೆ. ಕೆಂಪು, ಹಸಿರು ಪುಡಿಗಳಿಗೆ ಜಗತ್ತು ಹೆಚ್ಚಾಗಿ ಚೀನಾವನ್ನೇ ನೆಚ್ಚಬೇಕಾಯಿತು.

ಈಗ ಮನೆಗಳಲ್ಲಿ ಎಲ್‌ಇಡಿ ಬಂದಿದೆ. ಪುಡಿಯ ಕಾಲ ಮುಗಿಯಿತೆಂದು ನೀವು ಹೇಳಬಹುದು. ಸ್ವಿಚ್ ಆರಿಸಿರುವ ಬಿಳಿ ಎಲ್‌ಇಡಿ ಟಾರ್ಚಿನ ಮೂತಿಯನ್ನು ಇಣುಕಿ ನೋಡಿ. ಅರಸಿನದ ಬೊಟ್ಟಿನಂಥ ಹಳದಿ ಚುಕ್ಕೆ ಕಾಣುತ್ತದೆ. ಅದು ಸೀರಿಯಂ ಬೆರೆತ ಫಾಸ್ಫರ್. ಎಲ್‌ಇಡಿ ತಾನಾಗಿ ಕೊಡುವುದು ನೀಲಿ ಬೆಳಕು; ಅದರ ಒಂದು ಪಾಲನ್ನು ಈ ಪುಡಿ ಹಳದಿಯಾಗಿಸುತ್ತದೆ; ಎರಡೂ ಸೇರಿ ಬಿಳಿ. ನೀಲಿ ಎಲ್‌ಇಡಿ ಸಾಧ್ಯಮಾಡಿದ ಅಕಸಾಕಿ, ಅಮಾನೋ, ನಕಮುರ ಅವರಿಗೆ 2014ರ ನೊಬೆಲ್ ಬಹುಮಾನ ಬಂತು. ಇಲ್ಲಿ ಪಾದರಸ ಬೇಕಾಗಿಲ್ಲ. ಅದು ದೊಡ್ಡ ಸಮಾಧಾನ.

ಏಕೆಂದರೆ ಹಳೆಯ ಟ್ಯೂಬುಗಳಲ್ಲಿ ಪಾದರಸ ಹತ್ತಾರು ಮಿಲಿಗ್ರಾಂ ಇರುತ್ತಿತ್ತು. ಈಚಿನವುಗಳಲ್ಲಿ 5 ಮಿಲಿಗ್ರಾಂ ಆಸುಪಾಸು. ದೀಪ ಉರಿಯುತ್ತ ಹೋದಂತೆ ಆ ಪಾದರಸದ ಬಹುಪಾಲು ಪುಡಿಗೂ ಗಾಜಿಗೂ ಸೇರಿಕೊಳ್ಳುತ್ತದೆ. ಮುಟ್ಟಬೇಡಿ ಎಂದದ್ದು ಇದಕ್ಕೆ. ಕಸದೊಡನೆ ಎಸೆದ ಕೊಳವೆ ನಮ್ಮ ನಗರದಿಂದ ಪಚ್ಚನಾಡಿಗೆ ಹೋಗಿ ಸೇರುತ್ತಿತ್ತು. ಅಲ್ಲಿನ ಕಸದ ಬೆಟ್ಟ 2019ರ ಆಗಸ್ಟ್ ಮಳೆಗೆ ಕುಸಿದು ಮಂದಾರ ಪ್ರದೇಶದ ತೋಟ, ಮನೆಗಳನ್ನು ಮುಚ್ಚಿದ್ದು ನಿಮಗೆ ಗೊತ್ತಿರಬಹುದು. ಅಲ್ಲಿಂದ ಫಲ್ಗುಣಿಯ ಕಡೆ ಹರಿಯುವ ಕೊಳೆನೀರಿನ ಪ್ರಶ್ನೆ ಹೈಕೋರ್ಟಿನವರೆಗೂ ಹೋಯಿತು. ನೀರಿಗೆ ಸೇರಿದ ಪಾದರಸವನ್ನು ಸೂಕ್ಷ್ಮಜೀವಿಗಳು ಇನ್ನೂ ವಿಷಮಯ ರೂಪಕ್ಕೆ ತಿರುಗಿಸುತ್ತವೆ, ಅದು ಮೀನಿನ ಮಾಂಸದಲ್ಲಿ ಕೂಡುತ್ತದೆ. ಜಪಾನಿನ ಮಿನಮಾಟ ಊರಿನಲ್ಲಿ ಕಾರ್ಖಾನೆಯೊಂದರ ಪಾದರಸದಿಂದ ಹೀಗಾಗಿ ಮೀನು ತಿಂದ ಜನರ ನರಮಂಡಲ ಕೆಟ್ಟದ್ದು 1956ರಲ್ಲಿ ಬೆಳಕಿಗೆ ಬಂತು. ಆ ಊರಿನ ಹೆಸರಿನ ಅಂತಾರಾಷ್ಟ್ರೀಯ ಒಪ್ಪಂದಕ್ಕೆ ಭಾರತವೂ ಸೇರಿದೆ.

ಮನೆಯಲ್ಲಿ ಟ್ಯೂಬು ಒಡೆದರೆ ಕಿಟಕಿ ಬಾಗಿಲು ತೆರೆದು, ಫ್ಯಾನ್ ಆರಿಸಿ, ಕಾಲು ಗಂಟೆ ಎಲ್ಲರೂ ಹೊರಗಿರಿ. ಪೊರಕೆಯಿಂದ ಗುಡಿಸಿದರೆ ಪುಡಿ ಏಳುತ್ತದೆ. ರಟ್ಟಿನ ತುಂಡಿನಿಂದ ಚೂರುಗಳನ್ನು ಒತ್ತರಿಸಿ, ಉಳಿದ ಪುಡಿಯನ್ನು ಒದ್ದೆ ಕಾಗದದಿಂದ ಒರೆಸಿ, ಎಲ್ಲವನ್ನೂ ಮುಚ್ಚಳವಿರುವ ಡಬ್ಬಿಯಲ್ಲಿಡಿ. ಒಡೆಯದ ಹಳೆಯ ಟ್ಯೂಬುಗಳನ್ನು ಗುಜರಿಯವರಿಗೆ ಕೊಟ್ಟರೆ ಅವರು ತುದಿಯ ಅಲ್ಯೂಮಿನಿಯಂಗಾಗಿ ಅದನ್ನು ಒಡೆಯುತ್ತಾರೆ, ಪುಡಿಯನ್ನು ಉಸಿರಾಡುವವರು ಅವರೇ. ಪಾದರಸದ ದೀಪಗಳು 2016ರಿಂದ ನಮ್ಮ ದೇಶದ ಇ-ತ್ಯಾಜ್ಯ ನಿಯಮಗಳಡಿ ಬರುತ್ತವೆ; ನಿಮ್ಮ ಶಾಲೆ, ಕಾಲೇಜಿನ ಹಳೆಯ ಟ್ಯೂಬುಗಳನ್ನು ಎಲ್ಲಿಗೆ ಕಳಿಸುತ್ತಾರೆಂದು ವಿಚಾರಿಸಿ. ಮಿನಮಾಟ ಒಪ್ಪಂದದ ದೇಶಗಳು 2023ರ ಸಭೆಯಲ್ಲಿ ಉದ್ದ ಟ್ಯೂಬ್ ಲೈಟುಗಳ ತಯಾರಿಕೆಯನ್ನು 2027ರೊಳಗೆ ನಿಲ್ಲಿಸಲು ತೀರ್ಮಾನಿಸಿದವು. ಉರಿದು ಮುಗಿದು ಉಗ್ರಾಣದ ಮೂಲೆಯಲ್ಲಿ ಒರಗಿ ನಿಂತಿರುವ ಟ್ಯೂಬುಗಳು ಮಾತ್ರ ಇನ್ನೂ ಎಷ್ಟೋ ವರ್ಷ ನಮ್ಮ ಜೊತೆಯಲ್ಲಿಯೇ ಇರಲಿವೆ.